ದಿನ ತುಂಬದ ಕೂಸಿನ ಕಣ್ಣು

ಬೀಳಗಿಯಲ್ಲಿ 1916ರಲ್ಲಿ ಹುಟ್ಟಿದ ಡಾ. ಎಂ.ಸಿ. ಮೋದಿ ಅವರನ್ನು ಉತ್ತರ ಕರ್ನಾಟಕದ ಹಿರಿಯರು ಇನ್ನೂ ಮರೆತಿಲ್ಲ. ಕಣ್ಣಿನ ಪೊರೆ, ನಮ್ಮ ಕಡೆಯ ಮಾತಿನಲ್ಲಿ ಮೋತಿಬಿಂದು, ಬಂದು ಕುರುಡಾಗಿ ಕಟ್ಟೆಯ ಮೇಲೆ ಕೂತಿದ್ದ ಮುದುಕರ ಊರಿಗೇ ಹೋಗಿ ಅವರು ಶಸ್ತ್ರಚಿಕಿತ್ಸೆ ಮಾಡಿದರು. 1968ರಲ್ಲಿ ತಿರುಪತಿಯಲ್ಲಿ ಒಂದೇ ದಿನ 833 ಕಣ್ಣುಗಳ ಪೊರೆ ತೆಗೆದದ್ದು ದಾಖಲೆಯಾಯಿತು. 1993ರ ಹೊತ್ತಿಗೆ ಅವರು ಕಾಲಿಟ್ಟ ಹಳ್ಳಿಗಳು ನಲವತ್ತಾರು ಸಾವಿರ, ಮಾಡಿದ ಶಸ್ತ್ರಚಿಕಿತ್ಸೆಗಳು ಆರು ಲಕ್ಷ ದಾಟಿದ್ದವು. ಪದ್ಮಶ್ರೀ, ಪದ್ಮಭೂಷಣ ಅವರನ್ನು ಹುಡುಕಿಕೊಂಡು ಬಂದವು. ಅವರ ಕೆಲಸ ಅಷ್ಟು ದೊಡ್ಡದಾಗಲು ಅವರ ಕೈಚಳಕ, ಶಿಸ್ತು ಮತ್ತು ಕರುಣೆ ಕಾರಣ ಎಂಬುದರಲ್ಲಿ ಎರಡು ಮಾತಿಲ್ಲ. ಆದರೆ ಇನ್ನೊಂದು ಕಾರಣವನ್ನೂ ಗಮನಿಸಬೇಕು. ಪೊರೆ ಎಂಬುದು ಕಾಯುವ ರೋಗ. ಈ ವರ್ಷದ ಶಿಬಿರ ತಪ್ಪಿದರೆ ಮುಂದಿನ ಸುಗ್ಗಿ ಮುಗಿದ ಮೇಲೆ ಹೋಗಬಹುದು. ಐದು ವರ್ಷ ತಡವಾದರೂ ಪೊರೆ ತೆಗೆದ ಮೇಲೆ ಸಾಮಾನ್ಯವಾಗಿ ಮೊಮ್ಮಗನ ಮುಖ ಕಾಣುತ್ತದೆ. ವರ್ಷಕ್ಕೊಮ್ಮೆ ಬರುವ ಶಿಬಿರದಿಂದ ಒಂದು ಜಿಲ್ಲೆಯ ಕತ್ತಲೆಯನ್ನು ಕಡಿಮೆ ಮಾಡಲು ಸಾಧ್ಯವಾದದ್ದು ರೋಗವೇ ಕಾದುಕೊಂಡು ಕೂತಿದ್ದರಿಂದ.

ಈಗ ಜಮಖಂಡಿ, ಮುಧೋಳ, ಬೀಳಗಿ, ರಬಕವಿ-ಬನಹಟ್ಟಿಯ ಮನೆಗಳಿಗೆ ಬಂದಿರುವ ಕುರುಡುತನದ ಹೊಸ ಕಾರಣ ಹೀಗೆ ಕಾಯುವುದಿಲ್ಲ. ಅದು ದಿನ ತುಂಬದೆ ಹುಟ್ಟಿದ ಕೂಸುಗಳ ಅಕ್ಷಿಪಟಲದ ರೋಗ. ವೈದ್ಯರು ಚಿಕ್ಕದಾಗಿ ಆರ್‌ಒಪಿ ಎನ್ನುತ್ತಾರೆ. ಕೂಸು ಹುಟ್ಟಿದ ಕೆಲವೇ ವಾರಗಳಲ್ಲಿ ಇದು ಶುರುವಾಗುತ್ತದೆ, ಇನ್ನು ಕೆಲವು ವಾರಗಳಲ್ಲಿ ಚಿಕಿತ್ಸೆಯ ಹಂತಕ್ಕೆ ಬರುತ್ತದೆ, ಆ ಹಂತ ದಾಟಿದರೆ ಎರಡೂ ಕಣ್ಣು ಜೀವನಪೂರ್ತಿ ಹೋಗಬಹುದು. ಹೊರಗಿನಿಂದ ನೋಡಿದರೆ ಆಗ ಕಣ್ಣಿನಲ್ಲಿ ಏನೂ ಕಾಣದು. ಕೆಂಪಿಲ್ಲ, ನೀರಿಲ್ಲ, ಪಿಸುರಿಲ್ಲ, ಕೂಸು ಅಳುವುದೂ ಇಲ್ಲ. ಪಾಪೆಯಲ್ಲಿ ಬಿಳುಪು ಕಂಡು ಮನೆಯವರು ಗಾಬರಿಯಾಗುವ ಹೊತ್ತಿಗೆ ತಿಂಗಳುಗಳೇ ಕಳೆದಿರುತ್ತವೆ. ಹಾಗಾಗಿ ಈ ರೋಗದಲ್ಲಿ ಕಣ್ಣನ್ನು ಉಳಿಸುವುದು ಮೊದಲಿಗೆ ತಪಾಸಣೆಯ ತಾರೀಖು, ಆಮೇಲೆ ಉಪಕರಣ, ಕೊನೆಯಲ್ಲಿ ಚಾಕು. ಶಸ್ತ್ರಚಿಕಿತ್ಸೆ ಎಷ್ಟೇ ಮುಂದುವರಿದರೂ ಈ ಅನುಕ್ರಮ ಬದಲಾಗಿಲ್ಲ. ನಮ್ಮ ತಾಲ್ಲೂಕುಗಳ ಆರೋಗ್ಯ ವ್ಯವಸ್ಥೆ ಈ ಒಂದು ಮಾತನ್ನು ಕೇಂದ್ರದಲ್ಲಿಟ್ಟುಕೊಂಡು ಯೋಚಿಸಬೇಕು ಎಂಬುದೇ ಈ ಬರಹದ ವಾದ.

ರೋಗ ಹೇಗೆ ಹುಟ್ಟುತ್ತದೆ ಎಂಬುದು ಕೃಷ್ಣೆ, ಘಟಪ್ರಭೆಯ ಕಾಲುವೆಗಳ ನಡುವೆ ಬದುಕುವವರಿಗೆ ಬೇಗ ಅರ್ಥವಾಗುತ್ತದೆ. ಕಣ್ಣಿನ ಹಿಂಭಾಗದ ಒಳಗೋಡೆಯಾದ ಅಕ್ಷಿಪಟಲಕ್ಕೆ ರಕ್ತ ಒಯ್ಯುವ ನಾಳಗಳು ಗರ್ಭದ ಹದಿನಾರನೇ ವಾರದ ಸುಮಾರಿಗೆ ನಡುವಿನಿಂದ, ಅಂದರೆ ಕಣ್ಣಿನ ನರ ಒಳಬರುವ ಜಾಗದಿಂದ ಹೊರಟು ಅಂಚಿನ ಕಡೆಗೆ ಬೆಳೆಯುತ್ತವೆ. ಮೂಗಿನ ಕಡೆಯ ಅಂಚನ್ನು ಮುಟ್ಟಲು ಮೂವತ್ತಾರು ವಾರ ಬೇಕು, ಕಿವಿಯ ಕಡೆಯ ಅಂಚಿಗೆ ಒಂಬತ್ತು ತಿಂಗಳು ತುಂಬಬೇಕು. ಇಪ್ಪತ್ತೆಂಟು ಅಥವಾ ಮೂವತ್ತನೇ ವಾರದಲ್ಲಿ ಹುಟ್ಟಿದ ಕೂಸಿನ ಕಣ್ಣಿನಲ್ಲಿ ಈ ಕಾಲುವೆ ಅರ್ಧ ತೋಡಿದಷ್ಟೇ ಆಗಿರುತ್ತದೆ. ಹೊಟ್ಟೆಯೊಳಗೆ ಆಮ್ಲಜನಕ ಕಡಿಮೆ, ಹೊರಗೆ ಹೆಚ್ಚು. ಅದರ ಮೇಲೆ ನಳಿಕೆಯಲ್ಲಿ ಕೊಡುವ ಆಮ್ಲಜನಕವೂ ಸೇರಿದರೆ, ನಾಳಗಳು ಬೆಳೆಯಲು ಕರೆ ಕೊಡುವ ರಾಸಾಯನಿಕ ತಗ್ಗಿ ಕಾಲುವೆಯ ಕೆಲಸ ನಿಂತುಹೋಗುತ್ತದೆ. ಕೆಲವು ವಾರ ಕಳೆದು ಅಕ್ಷಿಪಟಲ ದೊಡ್ಡದಾಗಿ ದುಡಿಯಲು ಶುರುಮಾಡಿದಾಗ, ಕಾಲುವೆಯ ಕೊನೆಯ ಅಂಚಿನ ಹೊಲದಂತೆ ಹೊರಭಾಗ ಒಣಗಿ ಕೂಗುತ್ತದೆ. ಈಗ ಅದೇ ರಾಸಾಯನಿಕ ಅತಿಯಾಗಿ ಸುರಿಯುತ್ತದೆ. ಹೊಸ ನಾಳಗಳು ಅಡ್ಡಾದಿಡ್ಡಿ ಹುಟ್ಟಿ, ದಾರಿ ಬಿಟ್ಟು ಕಣ್ಣಿನ ಒಳಗಿನ ಲೋಳೆಯ ಕಡೆಗೆ ಹೊರಳುತ್ತವೆ, ಸೋರುತ್ತವೆ, ಗಾಯದ ಕಲೆಯಂತೆ ಗಟ್ಟಿಯಾಗಿ ಅಕ್ಷಿಪಟಲವನ್ನೇ ಎಳೆದು ಕಿತ್ತುಬಿಡುತ್ತವೆ. ವೈದ್ಯರು ಇದನ್ನು ಐದು ಹಂತಗಳಾಗಿ ಎಣಿಸುತ್ತಾರೆ. ನಾಲ್ಕನೆಯದು ಅಕ್ಷಿಪಟಲ ಭಾಗಶಃ ಕಳಚಿದ್ದು, ಐದನೆಯದು ಪೂರ್ತಿ ಕಳಚಿದ್ದು. ಬಹಳಷ್ಟು ಕೂಸುಗಳಲ್ಲಿ ರೋಗ ಮೊದಲ ಹಂತಗಳಲ್ಲಿಯೇ ತಾನಾಗಿ ಇಳಿಯುತ್ತದೆ. ಯಾವ ಕೂಸಿನದು ಇಳಿಯುತ್ತದೆ, ಯಾವುದರದು ಏರುತ್ತದೆ ಎಂಬುದನ್ನು ಕಣ್ಣಿನೊಳಗೆ ಮತ್ತೆ ಮತ್ತೆ ನೋಡದೆ ಹೇಳುವ ದಾರಿ ಇಲ್ಲ.

ಆಮ್ಲಜನಕವೇ ಕಾರಣವಾದರೆ ಅದನ್ನು ಕಡಿಮೆ ಮಾಡಿದರೆ ಸಾಲದೇ ಎಂಬುದು ಸಹಜವಾದ ಪ್ರಶ್ನೆ. ಈ ಪ್ರಶ್ನೆಗೆ ಜಗತ್ತು ಬಹಳ ದುಬಾರಿ ಬೆಲೆ ತೆತ್ತು ಉತ್ತರ ಕಂಡುಕೊಂಡಿದೆ. ಬಾಸ್ಟನ್‌ನ ವೈದ್ಯ ಟೆರಿ 1942ರಲ್ಲಿ ಈ ರೋಗವನ್ನು ಮೊದಲು ವರ್ಣಿಸಿದರು. ಮುಂದಿನ ಹತ್ತು-ಹನ್ನೆರಡು ವರ್ಷಗಳಲ್ಲಿ ಸುಮಾರು ಹತ್ತು ಸಾವಿರ ಮಕ್ಕಳು ಕಣ್ಣು ಕಳೆದುಕೊಂಡರು. ಅವರಲ್ಲಿ ಹೆಚ್ಚಿನವರು ಒಳ್ಳೆಯ ಆಸ್ಪತ್ರೆಗಳಲ್ಲಿ, ಗಾಜಿನ ಪೆಟ್ಟಿಗೆಯಲ್ಲಿ ಧಾರಾಳವಾಗಿ ಆಮ್ಲಜನಕ ಪಡೆದವರು. 1950ರಲ್ಲಿ ದಿನ ತುಂಬುವ ಮೊದಲೇ ಹುಟ್ಟಿದ ಗಾಯಕ ಸ್ಟೀವಿ ವಂಡರ್ ಆ ತಲೆಮಾರಿನವರು. ಮೆಲ್ಬರ್ನ್‌ನ ಮಕ್ಕಳ ವೈದ್ಯೆ ಕೇಟ್ ಕ್ಯಾಂಪ್‌ಬೆಲ್ 1951ರಲ್ಲಿ ಆಮ್ಲಜನಕದ ಕಡೆ ಬೆರಳು ತೋರಿಸಿದರು. ಅಮೆರಿಕದ ಹದಿನೆಂಟು ಆಸ್ಪತ್ರೆಗಳು ಸೇರಿ 1953-54ರಲ್ಲಿ ನಡೆಸಿದ ಪರೀಕ್ಷೆ ಅದನ್ನು ಖಚಿತಪಡಿಸಿತು. ಆಮೇಲೆ ಎಲ್ಲ ಕಡೆ ಆಮ್ಲಜನಕವನ್ನು ಹಿಂದುಮುಂದು ನೋಡದೆ ಇಳಿಸಿದರು. ಕುರುಡುತನ ತಗ್ಗಿತು, ಆದರೆ ಉಸಿರು ಸಾಲದೆ ಸತ್ತ ಕೂಸುಗಳು ಹೆಚ್ಚಿದವು, ಮೆದುಳಿಗೆ ಪೆಟ್ಟಾಗಿ ಕೈಕಾಲು ಸೆಟೆದ ಮಕ್ಕಳು ಹೆಚ್ಚಿದರು. ಒಂದು ಕೂಸಿನ ಕಣ್ಣು ಉಳಿಸಲು ಹದಿನಾರು ಕೂಸುಗಳ ಜೀವ ಹೋಯಿತು ಎಂದು 1970ರ ದಶಕದಲ್ಲಿ ಒಬ್ಬ ಸಂಶೋಧಕರು ಅಂದಾಜು ಮಾಡಿದರು. 2010ರಲ್ಲಿ ಅಮೆರಿಕದಲ್ಲಿ ಮತ್ತೆ ಎಚ್ಚರಿಕೆಯಿಂದ ಅಳೆದು ನೋಡಿದಾಗಲೂ ಫಲ ಅದೇ ಆಗಿತ್ತು: ರಕ್ತದ ಆಮ್ಲಜನಕವನ್ನು ಕೆಳಮಟ್ಟದಲ್ಲಿ ಇಟ್ಟ ಗುಂಪಿನಲ್ಲಿ ಕಣ್ಣಿನ ರೋಗ ಕಡಿಮೆ, ಸಾವು ಹೆಚ್ಚು. ಹೀಗಾಗಿ ಇಂದು ಶೇ 90ರಿಂದ 95ರ ಸುಮಾರಿನಲ್ಲಿ ಮಟ್ಟವನ್ನು ಹಿಡಿದಿಡುವುದು ರೂಢಿ. ಅದಕ್ಕೆ ಗಾಳಿ ಮತ್ತು ಆಮ್ಲಜನಕವನ್ನು ಬೆರೆಸುವ ಸಾಧನ ಬೇಕು, ಪಾದಕ್ಕೆ ಕಟ್ಟುವ ಪಲ್ಸ್ ಆಕ್ಸಿಮೀಟರ್ ಬೇಕು, ಅದರ ಗಂಟೆ ಹೊಡೆದಾಗ ಓಡಿಬರುವ ನರ್ಸ್ ಬೇಕು. ತಾಲ್ಲೂಕಿನಿಂದ ಬಾಗಲಕೋಟೆಗೋ ವಿಜಯಪುರಕ್ಕೋ ಆಂಬುಲೆನ್ಸಿನಲ್ಲಿ ಸಾಗಿಸುವಾಗ ಸಿಲಿಂಡರಿನ ಶುದ್ಧ ಆಮ್ಲಜನಕವೇ ಕೂಸಿಗೆ ಹೋಗುವ ಸಾಧ್ಯತೆ ಇರುವಲ್ಲಿ ಈ ಅಳತೆ ತಪ್ಪುತ್ತದೆ. ಆಮ್ಲಜನಕದ ಹದ ರೋಗವನ್ನು ಕಡಿಮೆ ಮಾಡುತ್ತದೆ. ತಾಯಿಯ ಹಾಲು, ಸೋಂಕಿನ ತಡೆ, ಎದೆಗವಚಿ ಬೆಚ್ಚಗಿಡುವ ಕಾಂಗರೂ ಆರೈಕೆಯೂ ಕೂಸಿನ ಬೆಳವಣಿಗೆಗೆ ಒತ್ತಾಸೆಯಾಗುತ್ತವೆ. ಇವೆಲ್ಲ ಸರಿಯಾಗಿದ್ದರೂ ಕಣ್ಣಿನ ತಪಾಸಣೆಯನ್ನು ಬಿಡುವಂತಿಲ್ಲ, ಏಕೆಂದರೆ ದಿನ ತುಂಬದಿರುವುದೇ ಈ ರೋಗದ ಮೂಲ.

ನಮ್ಮ ದೇಶದ ಮಟ್ಟಿಗೆ ಇನ್ನೊಂದು ತೊಡಕಿದೆ. ಅಮೆರಿಕದ ನಿಯಮದಂತೆ ಒಂದೂವರೆ ಕಿಲೋಗಿಂತ ಹೆಚ್ಚು ತೂಗದ ಅಥವಾ ಮೂವತ್ತು ವಾರದೊಳಗೆ ಹುಟ್ಟಿದ ಕೂಸುಗಳನ್ನು ಮುಖ್ಯವಾಗಿ ಪರೀಕ್ಷಿಸುತ್ತಾರೆ. ಭಾರತದಲ್ಲಿ ಅದಕ್ಕಿಂತ ದಪ್ಪಗಿರುವ, ಹೆಚ್ಚು ದಿನ ತುಂಬಿದ ಕೂಸುಗಳಿಗೂ ತೀವ್ರ ರೋಗ ಬರುವುದನ್ನು ಚಂಡೀಗಢದ ವೈದ್ಯರು ದಾಖಲಿಸಿದರು. ಅದಕ್ಕೇ ನಮ್ಮ ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮದ ಸೂಚನೆ ಬೇರೆ: ಎರಡು ಕಿಲೋಗಿಂತ ಕಡಿಮೆ ತೂಕದ ಅಥವಾ ಮೂವತ್ನಾಲ್ಕು ವಾರಕ್ಕೆ ಮೊದಲೇ ಹುಟ್ಟಿದ ಪ್ರತಿ ಕೂಸು, ಮೂವತ್ನಾಲ್ಕರಿಂದ ಮೂವತ್ತಾರು ವಾರದಲ್ಲಿ ಹುಟ್ಟಿ ಸೋಂಕು, ಉಸಿರಾಟದ ತೊಂದರೆ ಮೊದಲಾದವು ಕಂಡ ಕೂಸು, ಇವೆಲ್ಲವುಗಳ ಕಣ್ಣನ್ನು ಹುಟ್ಟಿದ ಮೂವತ್ತು ದಿನದೊಳಗೆ ಒಮ್ಮೆ ನೋಡಲೇಬೇಕು. ಇಪ್ಪತ್ತೆಂಟು ವಾರದೊಳಗೆ ಅಥವಾ 1,200 ಗ್ರಾಮಿಗಿಂತ ಕಡಿಮೆ ತೂಕದಲ್ಲಿ ಹುಟ್ಟಿದ್ದರೆ ಎರಡು-ಮೂರು ವಾರದಲ್ಲಿಯೇ ನೋಡಬೇಕು. ಎರಡು ಕಿಲೋ ಎಂಬ ಅಂಕಿಯ ಮಹತ್ವ ಇಲ್ಲಿದೆ: 1,800 ಗ್ರಾಂ ತೂಗುವ, ಹಾಲು ಕುಡಿಯುವ, ಹತ್ತು ದಿನಕ್ಕೆ ಮನೆಗೆ ಹೋದ ಕೂಸನ್ನು ಯಾರೂ ಅಪಾಯದಲ್ಲಿರುವ ಕೂಸು ಎಂದುಕೊಳ್ಳುವುದಿಲ್ಲ. ತಪಾಸಣೆ ತಪ್ಪುವ ಭಯ ಹೆಚ್ಚಿರುವುದು ಅದಕ್ಕೇ, ಏಕೆಂದರೆ ಅದು ಎಲ್ಲರ ಕಣ್ಣಿಂದಲೂ ಜಾರಿಹೋಗುತ್ತದೆ.

ಒಂದು ತಾಲ್ಲೂಕಿನಲ್ಲಿ ಇಂಥ ಕೂಸುಗಳು ಎಷ್ಟಿದ್ದಾವು, ಅದಕ್ಕಾಗಿ ಇಷ್ಟು ವ್ಯವಸ್ಥೆ ಬೇಕೇ ಎಂದು ಕೇಳುವವರಿದ್ದಾರೆ. ಒರಟು ಲೆಕ್ಕವೊಂದನ್ನು ಹಾಕಿ ನೋಡೋಣ. 2011ರ ಜನಗಣತಿಯಂತೆ ಬಾಗಲಕೋಟೆ ಜಿಲ್ಲೆಯ ಜನಸಂಖ್ಯೆ ಸುಮಾರು ಹತ್ತೊಂಬತ್ತು ಲಕ್ಷ. ಸಾವಿರ ಜನಕ್ಕೆ ವರ್ಷಕ್ಕೆ ಹದಿನಾರು ಹೆರಿಗೆ ಎಂದು ಹಿಡಿದರೂ ಮೂವತ್ತು ಸಾವಿರ ಕೂಸುಗಳು. ಭಾರತದಲ್ಲಿ ನೂರು ಹೆರಿಗೆಯಲ್ಲಿ ಸುಮಾರು ಹದಿಮೂರು ದಿನ ತುಂಬುವ ಮೊದಲೇ ಆಗುತ್ತವೆ ಎಂಬ ಅಂದಾಜಿನಂತೆ ಅವುಗಳಲ್ಲಿ ನಾಲ್ಕು ಸಾವಿರದಷ್ಟು ಅವಧಿಗೆ ಮುಂಚಿನವು. ಅದರ ಕಾಲು ಭಾಗವನ್ನಷ್ಟೇ ತಪಾಸಣೆಗೆ ತರಬೇಕಾದವು ಎಂದುಕೊಂಡರೂ ವರ್ಷಕ್ಕೆ ಸಾವಿರ ಕೂಸುಗಳಾದವು. ಕಿಡ್‌ರಾಪ್ ಎಂಬ ಯೋಜನೆಯಲ್ಲಿ ಕರ್ನಾಟಕದ ಗ್ರಾಮೀಣ ಭಾಗದ ಸಾವಿರಾರು ಶಿಶುಗಳನ್ನು ನಾಲ್ಕು ವರ್ಷ ನೋಡಿದಾಗ, ನೂರಕ್ಕೆ ಇಪ್ಪತ್ತೆರಡರಷ್ಟು ಕೂಸುಗಳಲ್ಲಿ ರೋಗದ ಒಂದಲ್ಲ ಒಂದು ಹಂತ ಕಂಡಿತ್ತು, ನೂರಕ್ಕೆ ಮೂರೂವರೆಯಷ್ಟಕ್ಕೆ ಚಿಕಿತ್ಸೆ ಬೇಕಾಗಿತ್ತು. ಅದೇ ಪ್ರಮಾಣ ಇಲ್ಲಿಗೂ ಹೊಂದಿದರೆ ನಮ್ಮ ಒಂದೇ ಜಿಲ್ಲೆಯಲ್ಲಿ ವರ್ಷಕ್ಕೆ ಮೂವತ್ತೈದು ಮಕ್ಕಳ ಕಣ್ಣು ಕೆಲವು ದಿನಗಳ ಮೇಲೆ ನಿಂತಿದೆ. ಹತ್ತು ವರ್ಷಕ್ಕೆ ಮುನ್ನೂರೈವತ್ತು. ಮೋತಿಬಿಂದುವಿನ ಸಾಲಿನ ಮುಂದೆ ಇದು ಸಣ್ಣ ಸಂಖ್ಯೆ ಎನಿಸಬಹುದು. ಆದರೆ ಎಪ್ಪತ್ತರ ಅಜ್ಜಿಗೆ ದೃಷ್ಟಿ ಬಂದರೆ ಹತ್ತು-ಹದಿನೈದು ವರ್ಷದ ಬೆಳಕು, ಒಂದು ತಿಂಗಳ ಕೂಸಿನ ಕಣ್ಣು ಉಳಿದರೆ ಅರವತ್ತು-ಎಪ್ಪತ್ತು ವರ್ಷದ್ದು. ಬಾಲ್ಯ, ಶಾಲೆ, ದುಡಿಮೆ, ಮದುವೆ, ಸಂಸಾರ ಎಲ್ಲವೂ ಆ ಲೆಕ್ಕದಲ್ಲಿ ಸೇರುತ್ತವೆ.

ಚಿಕಿತ್ಸೆಯ ಕಡೆ ಕಳೆದ ನಾಲ್ಕು ದಶಕದಲ್ಲಿ ಆದ ಮುನ್ನಡೆ ನಿಜಕ್ಕೂ ದೊಡ್ಡದು. ಅಕ್ಷಿಪಟಲದ ನಾಳವಿಲ್ಲದ ಭಾಗವನ್ನು ಅತಿ ತಣ್ಣಗಿನ ಸಲಾಕೆಯಿಂದ ಸುಟ್ಟರೆ ರೋಗ ನಿಲ್ಲುತ್ತದೆ ಎಂಬುದನ್ನು 1988ರಲ್ಲಿ ಪ್ರಕಟವಾದ ಅಮೆರಿಕದ ಪರೀಕ್ಷೆ ತೋರಿಸಿತು. ತೊಂಬತ್ತರ ದಶಕದಲ್ಲಿ ಅದರ ಜಾಗಕ್ಕೆ ಲೇಸರ್ ಬಂತು. ಕಾಲುವೆಯ ನೀರು ಮುಟ್ಟದ ಹೊಲವನ್ನು ಲೇಸರ್ ಪಾಳು ಬಿಡಿಸುತ್ತದೆ, ಹೊಲ ಕೂಗುವುದು ನಿಲ್ಲುತ್ತದೆ, ಒಡೆದ ದಂಡೆಗಳು ಬತ್ತುತ್ತವೆ, ನಡುವಿನ ದೃಷ್ಟಿ ಉಳಿಯುತ್ತದೆ. ಅಂಚಿನ ನೋಟ ಸ್ವಲ್ಪ ಹೋದರೂ ಮಗು ಓದಬಲ್ಲದು, ಸೂಜಿಗೆ ದಾರ ಪೋಣಿಸಬಲ್ಲದು. 2003ರಲ್ಲಿ ಇನ್ನೊಂದು ದೊಡ್ಡ ಅಧ್ಯಯನ, ಮೊದಲಿಗಿಂತ ಬೇಗ ಚಿಕಿತ್ಸೆ ಮಾಡಿದರೆ ಫಲ ಚೆನ್ನ ಎಂದಿತು. ಚಿಕಿತ್ಸೆ ಬೇಕು ಎಂದು ಕಂಡ ಮೇಲೆ ಎರಡು-ಮೂರು ದಿನದೊಳಗೆ ಮಾಡಿ ಮುಗಿಸಬೇಕು ಎಂಬುದು ಈಗಿನ ಕಟ್ಟಳೆ. 2011ರ ನಂತರ ಕಣ್ಣಿನೊಳಗೆ ಕೊಡುವ ಚುಚ್ಚುಮದ್ದು ಬಂತು. ಅತಿಯಾಗಿ ಸುರಿಯುವ ಆ ರಾಸಾಯನಿಕವನ್ನೇ ಅದು ತಡೆಯುತ್ತದೆ. ರೋಗ ಕಣ್ಣಿನ ನಡುವಿಗೆ ಹತ್ತಿರ ಇದ್ದು ಬಿರುಸಾಗಿರುವಾಗ ಅದರ ಉಪಕಾರ ದೊಡ್ಡದು. ಚುಚ್ಚುಮದ್ದು ಬಂದಮೇಲೆ ತಪಾಸಣೆಯ ಬಿಗಿ ಸಡಿಲಿಸಬಹುದು ಎಂದು ಕೆಲವರು ತಿಳಿಯುತ್ತಾರೆ, ವಾಸ್ತವ ತಿರುಗುಮುರುಗಾಗಿದೆ. ಲೇಸರ್ ಮಾಡಿದ ಕಣ್ಣು ಸಾಮಾನ್ಯವಾಗಿ ಕೆಲವು ವಾರದಲ್ಲಿ ತಣ್ಣಗಾಗುತ್ತದೆ. ಚುಚ್ಚುಮದ್ದು ಕೊಟ್ಟ ಕಣ್ಣಿನಲ್ಲಿ ತಿಂಗಳುಗಳ ನಂತರವೂ ರೋಗ ಮರುಕಳಿಸಬಹುದು, ಆದ್ದರಿಂದ ಅಂಥ ಕೂಸನ್ನು ಇನ್ನೂ ಹೆಚ್ಚು ಕಾಲ ಕರೆದುಕೊಂಡು ಬರಬೇಕು. ದೂರದ ಊರಿಂದ ಮತ್ತೆ ಬರುವ ಖಾತ್ರಿ ಇಲ್ಲದ ಮನೆಗೆ ಯಾವುದು ಸೂಕ್ತ ಎಂದು ಆರಿಸುವಾಗ ವೈದ್ಯರು ಈ ಮಾತನ್ನು ತೂಗಲೇಬೇಕಾಗುತ್ತದೆ.

ಕೊನೆಯಲ್ಲಿ ಬರುವುದು ಕಣ್ಣು ತೆರೆದು ಮಾಡುವ ಶಸ್ತ್ರಚಿಕಿತ್ಸೆ. ಸೂಜಿಯಷ್ಟು ತೆಳ್ಳನೆಯ ಸಲಕರಣೆಗಳಿಂದ, ಕಣ್ಣಿನ ಮಸೂರಕ್ಕೆ ಧಕ್ಕೆಯಾಗದಂತೆ ಒಳಗಿನ ಲೋಳೆಯನ್ನೂ ಎಳೆಯುವ ಕಲೆಗಳನ್ನೂ ತೆಗೆಯುವ ಈ ವಿದ್ಯೆ ನಾಲ್ಕನೇ ಹಂತದ ಆರಂಭದಲ್ಲಿ ಬಹಳಷ್ಟು ಕಣ್ಣುಗಳನ್ನು ಉಳಿಸುತ್ತದೆ. ಐದನೇ ಹಂತದಲ್ಲಿ, ಅಕ್ಷಿಪಟಲ ಪೂರ್ತಿ ಕೊಡೆಯಂತೆ ಮಡಚಿಕೊಂಡಾಗ, ಅತ್ಯುತ್ತಮ ಕೈಗಳಲ್ಲಿ ಮಾಡಿದ ಶಸ್ತ್ರಚಿಕಿತ್ಸೆಯ ನಂತರವೂ ಬೆಳಕು-ನೆರಳು ಗುರುತಿಸುವಷ್ಟು ನೋಟ ಬಂದರೆ ಅದೇ ಹೆಚ್ಚು. ಶಸ್ತ್ರಚಿಕಿತ್ಸೆಯ ಪ್ರಗತಿಯ ಸುದ್ದಿ ಓದಿ, ಇನ್ನು ಭಯವಿಲ್ಲ ಎಂದುಕೊಳ್ಳುವ ತಂದೆತಾಯಿಗಳಿಗೆ ಇದನ್ನು ಯಾರಾದರೂ ಮುಂಚೆಯೇ ಬಿಡಿಸಿ ಹೇಳಬೇಕು. ಬಿಳಿ ಪಾಪೆ ಕಂಡಮೇಲೆ ಹೊಲ ಮಾರಿ, ಬೆಂಗಳೂರು, ಹೈದರಾಬಾದು, ಚೆನ್ನೈ ಸುತ್ತಿದರೂ ಮೂವತ್ತನೇ ದಿನ ಒಂದು ಕ್ಯಾಮೆರಾ ಕೊಡಬಹುದಾಗಿದ್ದನ್ನು ಯಾವ ಊರೂ ಕೊಡಲಾರದು.

ನೋಡುವವರು ಯಾರು ಎಂಬ ಪ್ರಶ್ನೆಯೇ ಕಠಿಣವಾದದ್ದು. ಈ ರೋಗವನ್ನು ಗುರುತಿಸಿ ಚಿಕಿತ್ಸೆ ಕೊಡಬಲ್ಲ ಅಕ್ಷಿಪಟಲ ತಜ್ಞರು ದೇಶದಲ್ಲೇ ಕಡಿಮೆ, ಇರುವವರು ದೊಡ್ಡ ನಗರಗಳಲ್ಲಿ. ಜಮಖಂಡಿಗೆ ಬೆಂಗಳೂರು ಐದುನೂರು ಕಿಲೋಮೀಟರಿಗೂ ದೂರ. ಒಂದು ಕಿಲೋ ತೂಗುವ ಕೂಸನ್ನು ಅಷ್ಟು ದೂರ ಹದಿನೈದು ದಿನಕ್ಕೊಮ್ಮೆ ಒಯ್ಯಿರಿ ಎನ್ನುವುದು ಒಯ್ಯಬೇಡಿ ಎಂದಂತೆಯೇ. ಬೆಂಗಳೂರಿನ ನಾರಾಯಣ ನೇತ್ರಾಲಯದಲ್ಲಿ ಡಾ. ಆನಂದ್ ವಿನೇಕರ್ ಮತ್ತು ಸಂಗಡಿಗರು 2008ರಲ್ಲಿ ಆರಂಭಿಸಿದ ಕಿಡ್‌ರಾಪ್ ಈ ಗಂಟನ್ನು ಬಿಡಿಸಿದ ರೀತಿಯನ್ನು ಕನ್ನಡಿಗರು ಹೆಮ್ಮೆಯಿಂದ ತಿಳಿದುಕೊಳ್ಳಬೇಕು. ತಂತ್ರಜ್ಞರ ತಂಡವೊಂದು ಒಯ್ಯಬಲ್ಲ ಕ್ಯಾಮೆರಾ, ಲೇಸರ್ ಯಂತ್ರಗಳನ್ನು ಗಾಡಿಯಲ್ಲಿ ಇಟ್ಟುಕೊಂಡು ಜಿಲ್ಲೆಯಿಂದ ಜಿಲ್ಲೆಗೆ, ನವಜಾತ ಶಿಶು ಘಟಕದಿಂದ ಘಟಕಕ್ಕೆ ಗೊತ್ತಾದ ದಿನ ಹೋಗುತ್ತದೆ. ಕೂಸಿನ ಕಣ್ಣಿನೊಳಗಿನ ಚಿತ್ರಗಳನ್ನು ಅಲ್ಲಿಯೇ ತೆಗೆದು, ಮನೆಗೆ ಕಳಿಸಬಹುದು, ಮತ್ತೆ ನೋಡಬೇಕು, ತುರ್ತು ಎಂದು ಮೂರು ಬಗೆಯಲ್ಲಿ ವಿಂಗಡಿಸುತ್ತದೆ. ಅದೇ ಚಿತ್ರಗಳು ತಜ್ಞರ ಮೊಬೈಲ್ ಫೋನಿಗೆ ಹೋಗುತ್ತವೆ, ಅವರು ಎಲ್ಲಿದ್ದರೂ ನೋಡಿ ಉತ್ತರಿಸುತ್ತಾರೆ. ಚಿಕಿತ್ಸೆ ಬೇಕಾದರೆ ತಜ್ಞರೇ ಆ ಊರಿಗೆ ಬಂದು ಲೇಸರ್ ಮಾಡುತ್ತಾರೆ. ರಾಜ್ಯ ಸರ್ಕಾರ ಮತ್ತು ರಾಷ್ಟ್ರೀಯ ಆರೋಗ್ಯ ಅಭಿಯಾನ ಕೈಜೋಡಿಸಿದ ಮೇಲೆ ಇದು ಉತ್ತರ ಕರ್ನಾಟಕಕ್ಕೂ ಹರಡಿತು. ಅಮೆರಿಕದಿಂದ ತರಿಸುತ್ತಿದ್ದ ದುಬಾರಿ ಕ್ಯಾಮೆರಾದ ಜೊತೆಗೆ ಈಗ ಬೆಂಗಳೂರಿನ ಫೋರಸ್ ಹೆಲ್ತ್ ಕಂಪನಿ ತಯಾರಿಸಿದ, ಬೆಲೆ ಬಹಳ ಕಡಿಮೆಯಾದ ತ್ರಿನೇತ್ರ ನಿಯೋ ಕೂಡ ಇದೆ. ಬೀಳಗಿಯ ಮೋದಿಯವರ ವಿಚಾರದ ಮರುಜನ್ಮ ಇದು ಎಂದು ನನಗನಿಸುತ್ತದೆ: ರೋಗಿ ವೈದ್ಯರ ಕಡೆ ನಡೆಯುವ ಬದಲು ವೈದ್ಯರ ಕಣ್ಣೇ ರೋಗಿಯ ಕಡೆ ನಡೆಯುತ್ತದೆ. ವ್ಯತ್ಯಾಸ ಒಂದೇ, ಇಲ್ಲಿ ವರ್ಷಕ್ಕೊಮ್ಮೆ ಬಂದರೆ ಆಗದು, ವಾರಕ್ಕೊಮ್ಮೆ ಬರಬೇಕು.

ವೈದ್ಯರಲ್ಲದವರು ತೆಗೆದ ಚಿತ್ರವನ್ನು ನಂಬಿ ಕೂಸಿನ ಕಣ್ಣಿನ ತೀರ್ಮಾನ ಮಾಡಬಹುದೇ ಎಂದು ಹಿರಿಯ ನೇತ್ರತಜ್ಞರಲ್ಲಿಯೇ ಅನುಮಾನ ಇತ್ತು. ಅನುಮಾನ ನ್ಯಾಯವಾದದ್ದು, ತಪ್ಪಾದರೆ ತಿದ್ದಲಾಗದ ತಪ್ಪು ಇದು. ಆದ್ದರಿಂದಲೇ ಕಿಡ್‌ರಾಪ್ ತಂಡ ಅದನ್ನು ಅಳೆದು, 2014ರಲ್ಲಿ ಭಾರತೀಯ ನೇತ್ರವೈದ್ಯರ ನಿಯತಕಾಲಿಕದಲ್ಲಿ ಪ್ರಕಟಿಸಿತು. 1,601 ಶಿಶುಗಳನ್ನು 6,339 ಬಾರಿ ಚಿತ್ರಿಸಿ, ತಂತ್ರಜ್ಞರ ತೀರ್ಮಾನವನ್ನೂ ತಜ್ಞರ ತೀರ್ಮಾನವನ್ನೂ ಹೋಲಿಸಿದಾಗ, ಅತ್ಯುನ್ನತ ದರ್ಜೆಯ ತರಬೇತಿ ಪಡೆದ ತಂತ್ರಜ್ಞ ಶೇ 94.3ರಷ್ಟು ಸಲ ತಜ್ಞರ ಜೊತೆ ಒಮ್ಮತ ಹೊಂದಿದ್ದ. ಚಿಕಿತ್ಸೆ ಬೇಕಿದ್ದೂ ತಪ್ಪಿಹೋದ ಕೂಸುಗಳು ಶೇ 0.4 ಮಾತ್ರ. ತಜ್ಞರು ಮೊಬೈಲ್ ಪರದೆಯ ಮೇಲೆ ನೋಡಿ ಹೇಳಿದ್ದೂ, ಮೂಲ ಯಂತ್ರದಲ್ಲಿ ನೋಡಿ ಹೇಳಿದ್ದೂ ಬಹುತೇಕ ಒಂದೇ ಆಗಿತ್ತು. ಶೇ 0.4 ಕೂಡ ಯಾರದೋ ಮನೆಯ ಕೂಸು ಎಂಬುದನ್ನು ಮರೆಯಬಾರದು. ಆದರೆ ಈ ಅಂಕಿಯನ್ನು ಹೋಲಿಸಬೇಕಾದದ್ದು ಬೆಂಗಳೂರಿನ ತಜ್ಞರ ಕೊಠಡಿಯ ಜೊತೆ ಅಲ್ಲ. ಯಾರೂ ನೋಡದೆ ಬಿಟ್ಟ ತೇರದಾಳದ, ಮಹಾಲಿಂಗಪುರದ, ಲೋಕಾಪುರದ ತೊಟ್ಟಿಲ ಜೊತೆ ಹೋಲಿಸಬೇಕು. ಅಲ್ಲಿ ತಪ್ಪಿಹೋಗುವ ಪ್ರಮಾಣ ನೂರಕ್ಕೆ ನೂರು.

ಜೀವ ಉಳಿಯುವುದೇ ಕಷ್ಟವಾಗಿರುವಾಗ ಕಣ್ಣಿನ ಮಾತು ಆಮೇಲೆ ಎಂಬ ಆಕ್ಷೇಪವೂ ಇದೆ. ನವಜಾತ ಘಟಕದಲ್ಲಿ ದುಡಿಯುವ ನರ್ಸ್ ಮತ್ತು ಮಕ್ಕಳ ವೈದ್ಯರ ಬಾಯಲ್ಲಿ ಈ ಮಾತು ಬಂದರೆ ಅದನ್ನು ಹಗುರವಾಗಿ ಕಾಣಬಾರದು, ಅವರ ಕೈಗಳು ತುಂಬಿಹೋಗಿರುತ್ತವೆ. ಆದರೆ ಈ ರೋಗ ಬರುವುದೇ ಬದುಕಿ ಉಳಿದ ಕೂಸುಗಳಿಗೆ. ಮೊದಲೆಲ್ಲ ಒಂದು ಕಿಲೋದ ಕೂಸು ನಮ್ಮ ತಾಲ್ಲೂಕುಗಳಲ್ಲಿ ಉಳಿಯುವುದೇ ಅಪರೂಪವಾಗಿತ್ತು, ಆದ್ದರಿಂದ ಈ ಕುರುಡುತನವೂ ಅಪರೂಪವಾಗಿತ್ತು. ಈಗ ಜಿಲ್ಲಾ ಆಸ್ಪತ್ರೆಯಲ್ಲಿ ವಿಶೇಷ ಘಟಕ ಇದೆ, ಜಮಖಂಡಿ, ಮುಧೋಳದಲ್ಲಿ ಗಾಜಿನ ಪೆಟ್ಟಿಗೆ ಇರುವ ಖಾಸಗಿ ನರ್ಸಿಂಗ್ ಹೋಮುಗಳೂ ಇವೆ, ಕೂಸುಗಳು ಉಳಿಯುತ್ತಿವೆ. ಮಕ್ಕಳ ಆರೈಕೆ ಬೆಳೆದು ಕಣ್ಣಿನ ಆರೈಕೆ ಹಿಂದುಳಿದ ದೇಶಗಳಲ್ಲಿ ಈ ರೋಗ ಏಳುವುದನ್ನು ತಜ್ಞರು ಮೂರನೇ ಅಲೆ ಎಂದು ಕರೆದಿದ್ದಾರೆ. ಲಕ್ಷಾಂತರ ರೂಪಾಯಿ, ಹತ್ತಾರು ರಾತ್ರಿಗಳ ನಿದ್ದೆ ಸುರಿದು ಉಳಿಸಿದ ಜೀವದ ಕಣ್ಣನ್ನು ಐದು ನಿಮಿಷದ ಪರೀಕ್ಷೆಯ ಕೊರತೆಯಿಂದ ಕಳೆಯುವುದು ಆ ದುಡಿಮೆಗೇ ಅನ್ಯಾಯ. ನ್ಯಾಯಾಲಯವೂ ಇದನ್ನೇ ಹೇಳಿದೆ. 1996ರಲ್ಲಿ ಚೆನ್ನೈಯ ಸರ್ಕಾರಿ ಆಸ್ಪತ್ರೆಯೊಂದರಲ್ಲಿ ಇಪ್ಪತ್ತೊಂಬತ್ತನೇ ವಾರಕ್ಕೆ ಹುಟ್ಟಿ, ತಪಾಸಣೆಯಿಲ್ಲದೆ ಕಣ್ಣು ಕಳೆದುಕೊಂಡ ಹೆಣ್ಣುಮಗುವಿನ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ 2015ರಲ್ಲಿ ಒಂದೂಮುಕ್ಕಾಲು ಕೋಟಿ ರೂಪಾಯಿಗೂ ಹೆಚ್ಚು ಪರಿಹಾರ ಕೊಡಿಸಿತು. ಮಗು ಹುಟ್ಟಿದಾಗ ಆಕೆಯ ಕಣ್ಣು ನೋಡಿ ಎಂದು ಯಾರೂ ತಂದೆತಾಯಿಗೆ ಹೇಳಿರಲಿಲ್ಲ ಎಂಬುದೇ ಅಲ್ಲಿ ಸಾಬೀತಾದ ಲೋಪ. ಯಂತ್ರ ಇರಲಿಲ್ಲ ಎಂಬುದಕ್ಕಿಂತ, ಒಂದು ಮಾತು ಹೇಳಲಿಲ್ಲ ಎಂಬುದು ಹೆಚ್ಚು ನೋಯಿಸುತ್ತದೆ.

ನಮ್ಮ ನಾಲ್ಕು ತಾಲ್ಲೂಕುಗಳಲ್ಲಿ ತಪಾಸಣೆಯ ತಾರೀಖು ಹೇಗೆ ತಪ್ಪುತ್ತದೆ ಎಂಬುದನ್ನು ನೋಡಿದರೆ ಪರಿಹಾರವೂ ಕಾಣುತ್ತದೆ. ಚೊಚ್ಚಲ ಹೆರಿಗೆಗೆ ಹೆಣ್ಣುಮಗಳು ತವರಿಗೆ ಬರುತ್ತಾಳೆ. ಆಸ್ಪತ್ರೆಯ ದಾಖಲೆಯಲ್ಲಿ ಗಂಡನ ಊರು, ಗಂಡನ ಫೋನ್ ನಂಬರ್. ಕೂಸು ಮಾತ್ರ ಬನಹಟ್ಟಿಯ ಅಜ್ಜಿಯ ಮನೆಯಲ್ಲಿ, ಇಲ್ಲವೇ ಗಡಿ ದಾಟಿ ಮಹಾರಾಷ್ಟ್ರದ ಊರೊಂದರಲ್ಲಿ. ತಪಾಸಣೆಗೆ ಕರೆಯುವ ಫೋನ್ ಹೋಗುವುದು ಗಂಡನಿಗೆ, ಅವನು ಮಗ್ಗದ ಸದ್ದಿನಲ್ಲಿ ಕೇಳಿಸಿಕೊಂಡರೂ ಕೂಸು ಅವನ ಬಳಿ ಇಲ್ಲ. ಬಾಣಂತಿ ಮತ್ತು ಹಸುಗೂಸು ಹೊಸ್ತಿಲು ದಾಟಬಾರದು ಎಂಬ ರೂಢಿ ಇರುವ ಮನೆಗಳಲ್ಲಿ, ಹೊರಗೆ ಒಯ್ಯುವ ಮಾತು ನಲವತ್ತು ದಿನದ ಆಚೆ. ಕಬ್ಬು ಕಡಿಯುವ ಗ್ಯಾಂಗುಗಳ ಕತೆ ಇನ್ನೂ ಬಿಗಿ. ಸುಗ್ಗಿಯಲ್ಲಿ ಕಾರ್ಖಾನೆಗಳ ಸುತ್ತ ಜೋಪಡಿ ಹಾಕುವ ಕುಟುಂಬಗಳಲ್ಲಿ ಹುಟ್ಟಿದ ಕೂಸಿನ ತಾಯಿ ಕಾರ್ಡ್ ಒಂದು ಜಿಲ್ಲೆಯದು, ಹೆರಿಗೆ ಇನ್ನೊಂದರಲ್ಲಿ, ಮುಂದಿನ ಬಿಡಾರ ಮತ್ತೊಂದರಲ್ಲಿ. ಎಂಟು ತಿಂಗಳಿಗೇ ಹುಟ್ಟಿದ ಕೂಸು, ನಿಧಾನಕ್ಕೆ ನೋಡುತ್ತದೆ ಬಿಡಿ ಎಂಬ ಹಿರಿಯರ ಸಮಾಧಾನ ಪ್ರೀತಿಯಿಂದ ಬಂದದ್ದೇ, ಆದರೂ ಅದು ತಿಂಗಳುಗಳನ್ನು ತಿನ್ನುತ್ತದೆ. ಒಂದೂವರೆ ತಿಂಗಳ ಚುಚ್ಚುಮದ್ದಿಗೆ ಹೋದಾಗ ಕಣ್ಣನ್ನೂ ತೋರಿಸಿದರಾಯಿತು ಎಂದುಕೊಳ್ಳುವವರಿಗೆ, ಆ ಹೊತ್ತಿಗೆ ತಡವಾಗಿರಬಹುದು ಎಂದು ಹೇಳಬೇಕು.

ಇದಕ್ಕೆ ಹೊಸ ಇಲಾಖೆ ಕಟ್ಟಬೇಕಾಗಿಲ್ಲ. ಆಶಾ ಕಾರ್ಯಕರ್ತೆ ನವಜಾತ ಶಿಶುವಿನ ಮನೆಗೆ ಹೋಗುವ ದಿನಗಳು ಮೊದಲೇ ಗೊತ್ತು ಮಾಡಿದವು: ಮೂರು, ಏಳು, ಹದಿನಾಲ್ಕು, ಇಪ್ಪತ್ತೊಂದು, ಇಪ್ಪತ್ತೆಂಟು, ನಲವತ್ತೆರಡು. ಮೂವತ್ತು ದಿನದ ಗಡುವಿಗೆ ಇಪ್ಪತ್ತೊಂದು ಮತ್ತು ಇಪ್ಪತ್ತೆಂಟನೇ ದಿನದ ಭೇಟಿಗಳು ತಾವಾಗಿಯೇ ಹೊಂದುತ್ತವೆ. ಎರಡು ಕಿಲೋಗಿಂತ ಕಡಿಮೆ ಎಂಬ ಒಂದೇ ಪ್ರಶ್ನೆ, ಕಣ್ಣು ನೋಡಿಸಿದಿರಾ ಎಂಬ ಎರಡನೆಯ ಪ್ರಶ್ನೆ ಆಕೆಯ ಪುಸ್ತಕದಲ್ಲಿ ಕಡ್ಡಾಯವಾದರೆ ಅರ್ಧ ಕೆಲಸ ಮುಗಿದಂತೆ. ಅದಕ್ಕೆ ತಕ್ಕ ಗೌರವಧನವೂ ಆಕೆಗೆ ಸಿಗಬೇಕು, ಎಲ್ಲ ಹೊರೆಯನ್ನೂ ಆಶಾ ತಲೆಯ ಮೇಲೆ ಹಾಕಿ ಕೈತೊಳೆದುಕೊಳ್ಳುವುದು ಸರಿಯಲ್ಲ. ಉಳಿದ ಅರ್ಧ ಆಸ್ಪತ್ರೆಯದು. ಕೂಸನ್ನು ಮನೆಗೆ ಕಳಿಸುವ ಕಾಗದದ ಮೇಲೆ ಔಷಧದ ಹೆಸರುಗಳ ಕೆಳಗೆ ಸಣ್ಣಕ್ಷರದಲ್ಲಿ ಕಣ್ಣಿನ ತಪಾಸಣೆ ಎಂದು ಇಂಗ್ಲಿಷಿನಲ್ಲಿ ಬರೆದರೆ ಯಾರೂ ಓದುವುದಿಲ್ಲ. ತಾಯಿ ಕಾರ್ಡಿನ ಮೇಲೆಯೇ ಕನ್ನಡದಲ್ಲಿ, ಕೆಂಪು ಶಾಯಿಯಲ್ಲಿ, ದಿನ ಮತ್ತು ಸ್ಥಳ ಬರೆಯಬೇಕು. ಖಾಸಗಿ ನರ್ಸಿಂಗ್ ಹೋಮುಗಳಿಗೂ ಇದು ಅಷ್ಟೇ ಅನ್ವಯ. ತಪಾಸಣೆಯ ತಂಡ ಜಿಲ್ಲಾ ಕೇಂದ್ರಕ್ಕೆ ಬರುವ ದಿನ ಬೀಳಗಿಯಿಂದ, ಜಮಖಂಡಿಯಿಂದ ಬಾಣಂತಿಯನ್ನು ಕರೆದೊಯ್ದು ಮನೆ ಮುಟ್ಟಿಸುವ ಗಾಡಿ ಇರಬೇಕು, ಇಲ್ಲವೇ ತಂಡವೇ ಜಮಖಂಡಿಯಲ್ಲಿ ಒಂದು ದಿನ ನಿಲ್ಲಬೇಕು. ಒಂದು ದಿನದ ಮಗ್ಗದ ಕೂಲಿ ಬಿಟ್ಟು ಬರುವ ತಂದೆ ಮೂರನೇ ಸಲ ಬರಲಿಲ್ಲವೆಂದರೆ ಅದನ್ನು ಅವನ ಅಸಡ್ಡೆ ಎನ್ನುವ ಮೊದಲು ಆ ಕೂಲಿಯ ಲೆಕ್ಕ ಕೇಳಬೇಕು.

ಕಣ್ಣಿಗೆ ಪಾಪೆ ಹಿಗ್ಗಿಸುವ ಹನಿ ಹಾಕಿ, ರೆಪ್ಪೆ ಮುಚ್ಚದಂತೆ ಪುಟ್ಟ ಕೊಂಡಿ ಇಟ್ಟು ನೋಡುವಾಗ ಕೂಸು ಚೀರುತ್ತದೆ. ಅದನ್ನು ಕಂಡ ತಾಯಿ ಮುಂದಿನ ಸಲ ಬರಲು ಹಿಂಜರಿಯುವುದೂ ನಿಜ. ಬಟ್ಟೆಯಲ್ಲಿ ಬಿಗಿಯಾಗಿ ಸುತ್ತಿ, ಬಾಯಿಗೆ ನಾಲ್ಕು ಹನಿ ಸಕ್ಕರೆ ನೀರೋ ತಾಯಿಯ ಹಾಲೋ ಇಟ್ಟರೆ ನೋವು ತಗ್ಗುತ್ತದೆ, ಕೆಲವು ನಿಮಿಷದಲ್ಲಿ ಮುಗಿಯುತ್ತದೆ. ಮುಂಚೆಯೇ ಹೇಳಿದ್ದರೆ ಆಕೆ ತಡೆದುಕೊಳ್ಳುತ್ತಾಳೆ. ಲೇಸರ್ ಆದ ಮಗುವಿಗೂ, ರೋಗ ತಾನಾಗಿ ಇಳಿದ ಮಗುವಿಗೂ ಮುಂದೆ ದೂರದ್ದು ಮಸುಕಾಗುವ ದೋಷ, ಮಾಲುಗಣ್ಣು ಬರುವ ಸಂಭವ ಇತರ ಮಕ್ಕಳಿಗಿಂತ ಹೆಚ್ಚು, ಆದ್ದರಿಂದ ಶಾಲೆಗೆ ಹೋಗುವ ವಯಸ್ಸಿನವರೆಗೆ ವರ್ಷಕ್ಕೊಮ್ಮೆ ಕನ್ನಡಕದ ಪರೀಕ್ಷೆ ಆಗಬೇಕು. ಅಂಗನವಾಡಿಯಲ್ಲಿ ಚಿಕ್ಕ ಕನ್ನಡಕ ಹಾಕಿಕೊಂಡ ಮಗುವನ್ನು ಕಂಡಾಗ ಇದು ನೆನಪಿರಲಿ. ಇನ್ನು ಕೂಸನ್ನು ಮನೆಗೆ ಕಳಿಸುವ ಆ ಕಾಗದದ ಮೇಲೆ, ತಾಯಿ ಈಗ ಇರುವ ಊರು ಯಾವುದು, ಅಜ್ಜಿಯ ಫೋನ್ ನಂಬರ್ ಎಷ್ಟು ಎಂಬ ಎರಡು ಸಾಲಿಗೂ ಜಾಗ ಬಿಡಬೇಕು. ಇಪ್ಪತ್ತೆಂಟನೇ ದಿನ ಕರೆ ಹೋಗಬೇಕಾದದ್ದು ಆ ಮನೆಗೆ.